ಫೋನಿನಲ್ಲಿ ಖಾಲಿ ಇದ್ದ ರೂಮು: ಶಿವಮೊಗ್ಗದ ಒಂದು ಪ್ರಕರಣ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ರೂಮು ಖಾಲಿ ಇತ್ತು. ಸಂಜೆ ನಾಲ್ಕಕ್ಕೆ ಖಾಲಿ ಇರಲಿಲ್ಲ. ಆರೂಕಾಲಿಗೆ ಮತ್ತೆ ಖಾಲಿ ಇತ್ತು. ಈ ಪ್ರಕರಣದಲ್ಲಿ ಸಾಕ್ಷಿ ಅಂತ ಇರುವುದು ಇಷ್ಟೇ. ಯಾರೂ ಬೈದಿಲ್ಲ, ಕೈ ಮಾಡಿಲ್ಲ, ಕೆಟ್ಟ ಮಾತು ಆಡಿಲ್ಲ. ಹಾಗಾಗಿಯೇ ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು.

ನಾನು ಶಿವಮೊಗ್ಗದ ಒಂದು ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೊರಗಿನ ಊರುಗಳಿಂದ ಬರುವ ಹುಡುಗಿಯರ ವಸತಿ ವಿಚಾರ ನೋಡಿಕೊಳ್ಳುವುದೂ ನನ್ನ ಪಾಲಿಗೆ ಬಂದಿದೆ. ಇಲ್ಲಿ ಹೇಳುವ ವಿದ್ಯಾರ್ಥಿನಿ ಯಲ್ಲಾಪುರ ತಾಲೂಕಿನವಳು, ಸಿದ್ದಿ ಸಮುದಾಯದವಳು. ಅವಳು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಗುರುತು ಸಿಗುವಂಥ ಒಂದೆರಡು ವಿವರ ಬಿಟ್ಟಿದ್ದೇನೆ.

ಸಿದ್ದಿಯರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದ ಜನರನ್ನು ಗುಲಾಮರಾಗಿ ಗೋವೆಗೆ ತಂದರು. ಅವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ ಕಡೆ ಇದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ನೂರಾರು ವರ್ಷದಿಂದ ಇಲ್ಲಿಯ ಅಡಿಕೆ ತೋಟದಲ್ಲಿ, ಕಾಡಿನಲ್ಲಿ ದುಡಿದವರು. ಉತ್ತರ ಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಯವರಿಗೂ ಅದು ಸಿಕ್ಕಿತು. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು ಅವರು.

ನಮ್ಮ ಹುಡುಗಿಯ ಮನೆಮಾತು ಕನ್ನಡ. ಅದೂ ಘಟ್ಟದ ಮೇಲಿನ ಕನ್ನಡ, ಶಿರಸಿ-ಯಲ್ಲಾಪುರದ ತೋಟದ ಮನೆಗಳಲ್ಲಿ ಕೇಳುವ ಎಳೆ ಇರುವ ಕನ್ನಡ. ಈ ಪ್ರಕರಣದಲ್ಲಿ ಅದಕ್ಕೆ ದೊಡ್ಡ ಪಾತ್ರವಿದೆ.

ಮೂರು ಮನೆ

ಹಾಸ್ಟೆಲಿನ ಮೊದಲ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಎರಡನೇ ಪಟ್ಟಿ ಯಾವಾಗ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕ್ಲಾಸು ಶುರುವಾಗಿತ್ತು. ಹಾಗಾಗಿ ಕಾಲೇಜಿನ ಹತ್ತಿರ ರೂಮು ಹುಡುಕಲು ಹೊರಟಳು.

ಮೊದಲ ಮನೆಯಲ್ಲಿ ಯಜಮಾನರು ಗೇಟು ತೆಗೆಯದೆಯೇ ಇಂಗ್ಲಿಷಿನಲ್ಲಿ ಮಾತಾಡಿದರು. ಇವಳು ಕನ್ನಡದಲ್ಲಿ ಉತ್ತರ ಕೊಟ್ಟಳು. ಅವರು ಮತ್ತೆ ಇಂಗ್ಲಿಷಿನಲ್ಲೇ ಹೇಳಿದರು, ಫಾರಿನ್‌ನವರಿಗೆ ಕೊಡುವುದಿಲ್ಲ ಅಂತ. ಆಧಾರ್ ಕಾರ್ಡು ತೋರಿಸಿದಳು. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದೆಲ್ಲ ಈಗ ಯಾರು ಬೇಕಾದ್ರೂ ಮಾಡಿಸ್ತಾರೆ" ಅಂದರಂತೆ.

ಎರಡನೆಯ ಮನೆಯವರು ಕೊಡುತ್ತೇನೆ ಅಂದರು. ಆದರೆ ಪೊಲೀಸ್ ಠಾಣೆಯಿಂದ ಪತ್ರ ಬೇಕು, ಊರಿನಿಂದ ಅಪ್ಪ ಬಂದು ಸಹಿ ಹಾಕಬೇಕು, ಆರು ತಿಂಗಳ ಬಾಡಿಗೆ ಮುಂಗಡ ಕೊಡಬೇಕು. ಅದೇ ಮನೆಯ ಪಕ್ಕದ ರೂಮಿನಲ್ಲಿ ಹರಿಹರದ ಇಬ್ಬರು ಹುಡುಗಿಯರಿದ್ದರು. ಅವರು ಕೊಟ್ಟಿದ್ದು ಎರಡು ತಿಂಗಳ ಅಡ್ವಾನ್ಸ್ ಮಾತ್ರ. ಪತ್ರವನ್ನು ಯಾರೂ ಕೇಳಿರಲಿಲ್ಲ.

ಮೂರನೆಯದು ಈ ಶನಿವಾರದ ಮನೆ. ಮಹಡಿ ಮೇಲೆ ಒಂದು ರೂಮು, ಸಣ್ಣ ಅಡುಗೆಮನೆ. ಬಾಡಿಗೆ 3,500, ಅಡ್ವಾನ್ಸ್ 10,000. ಬೆಳಿಗ್ಗೆ ಫೋನ್ ಮಾಡಿದಾಗ ಮನೆಯ ಒಡತಿ ಹತ್ತು ನಿಮಿಷ ಮಾತಾಡಿದರು. ಯಾವ ಊರು, ಯಾವ ಕಾಲೇಜು, ಅಪ್ಪ ಏನು ಮಾಡ್ತಾರೆ ಎಲ್ಲ ಕೇಳಿದರು. "ನಿನ್ನ ಮಾತು ಕೇಳಿದ್ರೆ ನಮ್ಮ ಕಡೆಯವಳೇ ಅನ್ನಿಸುತ್ತೆ ತಂಗಿ, ನಮ್ಮ ತವರೂ ಆ ಕಡೆನೇ. ಸಂಜೆ ಬಾ, ನೋಡು. ಇಷ್ಟ ಆದ್ರೆ ಇವತ್ತೇ ಅಡ್ವಾನ್ಸ್ ಕೊಟ್ಟುಬಿಡು" ಅಂದರು.

ಸಂಜೆ ನಾಲ್ಕಕ್ಕೆ ಇವಳು ಹೋದಾಗ ಅವರು ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತಿ ನೋಡಿದರು. ಮಡಚುತ್ತಿದ್ದ ಟವೆಲ್ಲನ್ನು ಹಾಗೇ ಎದೆಗೆ ಹಿಡಿದುಕೊಂಡರು. "ಫೋನ್ ಮಾಡಿದ್ದು ನೀವಾ?" ಬೆಳಿಗ್ಗೆಯ "ನೀನು" ಸಂಜೆಗೆ "ನೀವು" ಆಗಿತ್ತು. ನನಗೆ ಇದನ್ನು ಹೇಳುವಾಗ ಅವಳು ಇದನ್ನೇ ಎರಡು ಸಲ ಹೇಳಿದಳು. ಮರ್ಯಾದೆ ಕೊಟ್ಟು ದೂರ ಇಡುವುದು ಅಂದರೆ ಇದೇ.

"ಅಯ್ಯೋ, ಈಗ ತಾನೇ ಒಬ್ಬರು ಬಂದು ಅಡ್ವಾನ್ಸ್ ಕೊಟ್ಟು ಹೋದ್ರು. ಫೋನ್ ಮಾಡಿ ಹೇಳೋಣ ಅಂದ್ಕೊಂಡೆ. ಬಿಸಿಲಲ್ಲಿ ಬಂದಿದೀರಿ, ಕಾಫಿ ಕುಡಿದು ಹೋಗಿ." ಕಾಫಿ ಕೊಟ್ಟರು. ಇವಳು ಕುಡಿದು ಬಂದಳು.

ಆರೂಕಾಲಿಗೆ ಇವಳ ಗೆಳತಿ, ತೀರ್ಥಹಳ್ಳಿ ಕಡೆಯವಳು, ಅದೇ ನಂಬರಿಗೆ ಫೋನ್ ಮಾಡಿದಳು. ರೂಮು ಖಾಲಿ ಇದೆ, ನಾಳೆ ಬಂದು ನೋಡಿ ಅಂದರು.

ಇದೆಲ್ಲ ನನಗೆ ಗೊತ್ತಾಗಿದ್ದು ಒಂದು ವಾರದ ಮೇಲೆ. ಬೆಳಗಿನ ಕ್ಲಾಸಿಗೆ ದಿನಾ ತಡವಾಗಿ ಬರುತ್ತಿದ್ದಳು. ಯಾಕೆ ಅಂತ ಕೇಳಿದೆ. ಇಬ್ಬರಿರುವ ಗೆಳತಿಯರ ರೂಮಿನಲ್ಲಿ ಮೂರನೆಯವಳಾಗಿ ಮಲಗುತ್ತಿದ್ದೇನೆ, ಸ್ನಾನಕ್ಕೆ ಸರದಿ ಬರುವುದು ಕೊನೆಗೆ ಅಂದಳು. ಆಮೇಲೆ ಒಂದೊಂದೇ ಹೊರಗೆ ಬಂತು.

ನಾನು ಕೊಟ್ಟ ತಪ್ಪು ಸಲಹೆ

ನಾನು ಮೊದಲು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. "ಮುಂದಿನ ಸಲ ಫೋನಿನಲ್ಲೇ ಹೇಳಿಬಿಡು, ನಾನು ಸಿದ್ದಿ ಸಮುದಾಯದವಳು ಅಂತ. ಫೋಟೋ ಬೇಕಾದ್ರೂ ವಾಟ್ಸಾಪ್ ಮಾಡು. ಸುಮ್ನೆ ಅಷ್ಟು ದೂರ ಹೋಗಿ ಬರೋದು ತಪ್ಪುತ್ತೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಬೇರೆಯವರು ಫೋಟೋ ಕಳಿಸ್ತಾರಾ ಮೇಡಂ?"

ಇಲ್ಲ. ಯಾರೂ ಕಳಿಸುವುದಿಲ್ಲ. ರೂಮು ಕೇಳುವವರು ಬಾಡಿಗೆ ಎಷ್ಟು, ನೀರು ಬರುತ್ತಾ, ಗೇಟು ಎಷ್ಟು ಹೊತ್ತಿಗೆ ಹಾಕುತ್ತೀರಿ ಅಂತ ಕೇಳುತ್ತಾರೆ. ಮುಖಕ್ಕೆ ಮೊದಲೇ ಒಪ್ಪಿಗೆ ಪಡೆದು ಬರಬೇಕು ಅನ್ನುವ ನಿಯಮ ಅವಳೊಬ್ಬಳಿಗೇ ಯಾಕೆ? ನಾನು ಅವಳ ಕಷ್ಟ ಕಡಿಮೆ ಮಾಡಲು ಹೋಗಿ ಆ ನಿಯಮಕ್ಕೇ ಸಹಿ ಹಾಕಿದ್ದೆ. ಒಳ್ಳೆಯ ಮನಸ್ಸಿನವರು ಇಂಥ ಕಡೆ ಜಾಸ್ತಿ ಎಡವುತ್ತಾರೆ ಅಂತ ನನಗೆ ಅವತ್ತಿನಿಂದ ಅನ್ನಿಸುತ್ತಿದೆ. ಅನ್ಯಾಯ ಮಾಡಿದವರನ್ನು ಬಿಟ್ಟು, ಅನ್ಯಾಯ ಆದವಳಿಗೇ ಹೊಂದಿಕೊಳ್ಳುವ ದಾರಿ ಕಲಿಸುತ್ತೇವೆ.

ಅವತ್ತು ಅವಳು ತುಂಬ ಮಾತಾಡಿದಳು. ಬಸ್ಸಿನಲ್ಲಿ ಪಕ್ಕದ ಸೀಟು ಕೊನೆಯಲ್ಲಿ ತುಂಬುವುದು. ಕೇಳದೆಯೇ ಕೂದಲು ಮುಟ್ಟಿ ನೋಡುವವರು. "ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!" ಅನ್ನುವ ಹೊಗಳಿಕೆ. "ನೀವು ಓಟದಲ್ಲಿ ಮುಂದೆ ಇರ್ತೀರಿ ಅಲ್ವಾ?" ಅನ್ನುವ ಪ್ರಶ್ನೆ. ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿದ್ದು ನಿಜ. ಅದರಿಂದ ಒಳ್ಳೆಯ ಓಟಗಾರರು ಬಂದಿದ್ದೂ ನಿಜ. ಆದರೆ ಇವಳಿಗೆ ಓಟ ಬರುವುದಿಲ್ಲ. ಇವಳಿಗೆ ಗಣಿತ ಇಷ್ಟ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ನನಗೆ ಸಿಟ್ಟು ಬಂದಿತ್ತು. ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಮೇಲೆ ಭೇದ ಮಾಡಬಾರದು ಅನ್ನುತ್ತದೆ. ಆದರೆ ಮೊದಲ ಭಾಗ ಕಟ್ಟಿಹಾಕುವುದು ಸರ್ಕಾರವನ್ನು. ಎರಡನೇ ಭಾಗ ಜನರಿಗೂ ಅನ್ವಯಿಸುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲ ಅದರಲ್ಲಿವೆ. ಬಾಡಿಗೆ ಮನೆ ಅನ್ನುವ ಮಾತು ಅಲ್ಲಿಲ್ಲ. 1965ರ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ವಿರೋಧಿ ಒಪ್ಪಂದದಲ್ಲಿ ಮನೆಯ ಹಕ್ಕು ನೇರವಾಗಿ ಇದೆ. ಭಾರತ ಅದನ್ನು 1968ರಲ್ಲೇ ಒಪ್ಪಿಕೊಂಡಿದೆ. ಆದರೆ ಅದನ್ನು ಹಿಡಿದುಕೊಂಡು ಶಿವಮೊಗ್ಗದ ಠಾಣೆಗೆ ಹೋಗಲು ಆಗುವುದಿಲ್ಲ.

ಹತ್ತಿರಕ್ಕೆ ಬರುವುದು 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ "ಆರ್ಥಿಕ ಬಹಿಷ್ಕಾರ"ವನ್ನೂ ಅಪರಾಧ ಮಾಡಿತು. ಎಲ್ಲರ ಜೊತೆ ಯಾವ ಷರತ್ತಿನ ಮೇಲೆ ವ್ಯವಹಾರ ನಡೆಯುತ್ತದೋ ಅದೇ ಷರತ್ತಿನ ಮೇಲೆ ಇವರ ಜೊತೆ ಮಾತ್ರ ನಡೆಸಲು ಒಪ್ಪದಿರುವುದೂ ಅದರ ವ್ಯಾಖ್ಯಾನದಲ್ಲಿ ಬರುತ್ತದೆ. ಓದಿದಾಗ ಎರಡನೆಯ ಮನೆಯ ಆರು ತಿಂಗಳ ಮುಂಗಡ ನನ್ನ ಕಣ್ಣ ಮುಂದೆ ಬಂತು.

"ಆದರೆ ಸಾಬೀತು ಮಾಡೋದು ಹೇಗೆ?" ಅಂತ ವಕೀಲರು ಕೇಳಿದರು. "ಇವಳು ಸಿದ್ದಿ ಅನ್ನೋದೇ ನನಗೆ ಗೊತ್ತಿರಲಿಲ್ಲ, ಆಫ್ರಿಕಾದವಳು ಅಂದ್ಕೊಂಡೆ ಅಂತಾರೆ. ಆಗ ಏನು ಮಾಡ್ತೀರಿ?"

ಇದು ನನ್ನನ್ನು ಬಹಳ ದಿನ ಕಾಡಿತು. ಪಂಗಡ ನೋಡಿ ಬೇಡ ಅಂದರೆ ಕಾನೂನಿದೆ. ಬಣ್ಣ, ಕೂದಲು ನೋಡಿ ಬೇಡ ಅಂದರೆ ಹಿಡಿಯಲು ಏನೂ ಸಿಗುವುದಿಲ್ಲ. "ವಿದೇಶಿ ಅಂದುಕೊಂಡೆ" ಅನ್ನುವ ಮಾತು ಅಪಮಾನವೂ ಹೌದು, ಅಪಮಾನ ಮಾಡಿದವರಿಗೆ ಗುರಾಣಿಯೂ ಹೌದು. 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತನಿಯಾ ಅವರ ಕೂದಲನ್ನು ಹಂಗಿಸಿದರು. ಜಗಳ ಬೆಳೆದು ಹೊಡೆದರು, ಅವರು ತೀರಿಕೊಂಡರು. ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೆಂದೇ ದಂಡಸಂಹಿತೆಯಲ್ಲಿ ಹೊಸ ಸೆಕ್ಷನ್‌ಗಳು ಬೇಕು ಅಂತ ಶಿಫಾರಸು ಮಾಡಿತು. ಅವು ಸೇರಲೇ ಇಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ಆಫ್ರಿಕಾದವಳು ಅಂದ್ಕೊಂಡೆ" ಅಂದಾಗ ನಾವೆಲ್ಲ "ಅಲ್ಲ, ಅವಳು ನಮ್ಮವಳೇ" ಅಂತ ಸಮಜಾಯಿಷಿ ಕೊಡಲು ಓಡುತ್ತೇವೆ. ಹಾಗಾದರೆ ನಿಜವಾಗಿಯೂ ಆಫ್ರಿಕಾದಿಂದ ಓದಲು ಬಂದ ಹುಡುಗಿಗೆ ಮನೆ ಕೊಡದಿರುವುದು ಸರಿಯೇ? 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡವರಲ್ಲಿ ನಮ್ಮ ಶಿವಮೊಗ್ಗದ, ಚನ್ನಗಿರಿಯ, ಹುಣಸೂರಿನ ಹಕ್ಕಿಪಿಕ್ಕಿ ಜನರಿದ್ದರು. ಗಿಡಮೂಲಿಕೆ ಔಷಧ ಮಾರಲು ಹೋದವರು. ಅವರಿಗೂ ಅಲ್ಲಿ ಯಾರೋ ಬಾಡಿಗೆಗೆ ಮನೆ ಕೊಟ್ಟಿದ್ದರು. ಅವರ ಮುಖವೂ ಆ ಬೀದಿಗೆ ಹೊಸದೇ.

ಕೊನೆಗೆ ದೂರು ಬೇಡ ಅಂದವಳು ಅವಳೇ. "ಎರಡು ವರ್ಷ ಇದೇ ಊರಲ್ಲಿ ಓಡಾಡಬೇಕು ಮೇಡಂ. ಕೇಸು ಹಾಕಿದವಳು ಅಂತ ಹೆಸರು ಬಿದ್ರೆ ನಾಲ್ಕನೇ ಮನೆ ಯಾರು ಕೊಡ್ತಾರೆ?" ಅವಳ ಲೆಕ್ಕ ಸರಿಯಾಗಿತ್ತು. ಆದರೆ ಆ ಲೆಕ್ಕ ಹಾಕುವ ಗತಿ ಅವಳಿಗೆ ಬಂದಿದ್ದು ಸರಿಯಲ್ಲ.

ಗೇಟಿನ ಒಳಗೆ

ಅವಳನ್ನು ಕೇಳಿಯೇ ನಾನು ಮೂರನೆಯ ಮನೆಗೆ ಹೋದೆ. ಜಗಳಕ್ಕಲ್ಲ. ಏನಾಯಿತು ಅಂತ ತಿಳಿಯಬೇಕಿತ್ತು.

ಆ ಅಮ್ಮ ಕೆಟ್ಟವರಲ್ಲ. ಇದನ್ನು ರಿಯಾಯಿತಿ ತೋರಿಸಲು ಹೇಳುತ್ತಿಲ್ಲ, ಪ್ರಕರಣ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ಸುಳ್ಳು ಹೇಳಿದ್ದನ್ನು ಐದು ನಿಮಿಷದಲ್ಲಿ ಒಪ್ಪಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು. "ನನಗೇನೂ ಇಲ್ಲ ಮೇಡಂ. ಅಕ್ಕಪಕ್ಕದವರು ಏನಂತಾರೋ ಅಂತ" ಅಂದರು.

ಯಾವ ಅಕ್ಕಪಕ್ಕ ಅಂತ ಕೇಳಿದೆ. ಬಲಗಡೆ ಮನೆಯವರು ಈ ವಿಷಯ ಮಾತಾಡಿಯೇ ಇರಲಿಲ್ಲ. ಎಡಗಡೆಯದು ಬೀಗ ಹಾಕಿದ ಮನೆ. ಎದುರಿಗೆ ಕಾರು ಶೆಡ್ಡು. ಹೀಗೆ ಒಂದೊಂದೇ ಕೇಳುತ್ತ ಹೋದಾಗ, ಅವರು ಹೆದರಿದ್ದ ಅಕ್ಕಪಕ್ಕದವರು ಎಲ್ಲೂ ಇರಲಿಲ್ಲ. ಆಮೇಲೆ ಬಂದದ್ದು ಟೀವಿ. ಬೆಂಗಳೂರಲ್ಲಿ ಯಾರೋ ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದಿದ್ದನ್ನು ನೋಡಿದ್ದು. ಆಮೇಲೆ ಮೂರು ವರ್ಷದ ಮೊಮ್ಮಗ ಹೆದರಿಕೊಳ್ಳುತ್ತಾನೆ ಅನ್ನುವುದು. ಅವನು ನನ್ನ ಕಾಲ ಹತ್ತಿರವೇ ಪ್ಲಾಸ್ಟಿಕ್ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಶನಿವಾರವೂ ಇದ್ದನಂತೆ. ಅವನು ಹೆದರಿರಲಿಲ್ಲ, ಟ್ರ್ಯಾಕ್ಟರ್ ತೋರಿಸಲು ಹೋಗಿದ್ದ. ಅಜ್ಜಿ ಒಳಗೆ ಕರೆದುಕೊಂಡಿದ್ದರು.

ಅವರ ಗಂಡನ ಮನೆಯವರು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಗದ್ದೆ, ತೋಟ, ಮನೆ ಎಲ್ಲ ನೀರಿಗೆ ಬಿಟ್ಟು ಬಂದ ಕುಟುಂಬ. ಹೊಸ ಊರಿನಲ್ಲಿ ಬಹಳ ವರ್ಷ "ಮುಳುಗಡೆಯವರು" ಅಂತ ಕರೆಸಿಕೊಂಡಿದ್ದನ್ನು ಅತ್ತೆ ಹೇಳುತ್ತಿದ್ದರಂತೆ. ಇದನ್ನು ಅವರೇ ಹೇಳಿದರು, ನಾನು ಕೇಳಿರಲಿಲ್ಲ. ಹೇಳುವಾಗಲೂ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಅವರಿಗೆ ಅನ್ನಿಸಲಿಲ್ಲ. ತಾವು ಕಷ್ಟ ಕಂಡವರು ಇನ್ನೊಬ್ಬರ ಕಷ್ಟ ತಾನಾಗಿಯೇ ಅರಿಯುತ್ತಾರೆ ಅಂತ ನಾವು ನಂಬಿದ್ದೇವೆ. ನಾನು ನೋಡಿದ ಮಟ್ಟಿಗೆ ಹಾಗೇನೂ ಇಲ್ಲ.

ಹೊರಡುವಾಗ ಅವರು ಹೇಳಿದರು, "ನೀವು ಜವಾಬ್ದಾರಿ ತಗೊಳ್ಳೋದಾದ್ರೆ ಕೊಡ್ತೀನಿ ಮೇಡಂ. ನಾಳೆನೇ ಬರಲಿ."

ನಾನು ಖುಷಿಯಿಂದ ಬಂದು ಹೇಳಿದೆ. ಅವಳು ಬೇಡ ಅಂದಳು.

"ನೀವು ಹೋಗಿದ್ದಕ್ಕೆ ಕೊಟ್ರು. ನಾಳೆ ಟ್ಯಾಂಕಿನಲ್ಲಿ ನೀರು ಖಾಲಿ ಆದ್ರೂ ನನ್ನ ಮೇಲೆ ಬರುತ್ತೆ. ರಾತ್ರಿ ಯಾರೋ ಜೋರಾಗಿ ನಕ್ಕರೂ ನಿಮಗೆ ಫೋನ್ ಬರುತ್ತೆ. ನಾನು ಅಲ್ಲಿ ಬಾಡಿಗೆಗೆ ಇದ್ದ ಹಾಗೆ ಆಗಲ್ಲ ಮೇಡಂ, ನಿಮ್ಮ ಜಾಮೀನಿನ ಮೇಲೆ ಇದ್ದ ಹಾಗೆ ಆಗುತ್ತೆ."

ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಕೇಳಿ ಒಬ್ಬರು, "ಸಿಕ್ಕಿದ್ದನ್ನು ಬಿಡ್ತಾಳಲ್ಲ, ಎಷ್ಟು ಸೊಕ್ಕು" ಅಂದರು. ಇನ್ನೊಬ್ಬರು, "ರಿಸರ್ವೇಶನ್ ಇದೆಯಲ್ಲ ಅವರಿಗೆ, ಇನ್ನೇನು ಬೇಕು" ಅಂದರು. ಮೀಸಲಾತಿಯಿಂದ ಅವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆ ಸೀಟಿನಲ್ಲಿ ಸಮಯಕ್ಕೆ ಬಂದು ಕೂರಬೇಕಾದರೆ ರಾತ್ರಿ ಮಲಗಲು ಜಾಗ ಬೇಕು. ಸೀಟು ಸರ್ಕಾರದ ಕೈಯಲ್ಲಿತ್ತು, ಜಾಗ ನಮ್ಮ ಕೈಯಲ್ಲಿತ್ತು.

ಒಂದು ಹಾಳೆ

ನಾಲ್ಕನೇ ಮನೆ ಅವಳೇ ಹುಡುಕಿಕೊಂಡಳು. ನಿವೃತ್ತ ಬಸ್ ಕಂಡಕ್ಟರ್ ಮತ್ತು ಅವರ ಹೆಂಡತಿ ಇರುವ ಮನೆ. ಅವರು ಕೇಳಿದ್ದು ಎರಡೇ: ಬಾಡಿಗೆ ಐದನೇ ತಾರೀಕಿನ ಒಳಗೆ ಕೊಡಬೇಕು, ಗೇಟು ಒಂಬತ್ತೂವರೆಗೆ ಹಾಕುತ್ತೇವೆ. ಕೆಳಗಿನ ರೂಮಿನ ಬ್ಯಾಂಕ್ ನೌಕರನಿಗೂ ಇದೇ ಎರಡು ಮಾತು. ಯಲ್ಲಾಪುರ ಅಂದ ಕೂಡಲೇ ಯಜಮಾನರು, "ನಾನು ಆ ರೂಟಿನಲ್ಲಿ ಡ್ಯೂಟಿ ಮಾಡಿದೀನಿ" ಅಂದರಂತೆ. ಅಷ್ಟೇ. ವಿಶೇಷ ಪ್ರೀತಿಯನ್ನೂ ತೋರಿಸಲಿಲ್ಲ. ಅವಳಿಗೆ ಅದೇ ಹಿಡಿಸಿತು.

ಒಂದು ಭಾನುವಾರ ಹೋಗಿದ್ದೆ. ಅವಳ ಮಂಚದ ಮೇಲೆ ಅಜ್ಜಿ ಹೊಲಿದ ಕೌದಿ ಇತ್ತು. ಹಳೆ ಸೀರೆ, ಅಂಗಿ, ಲಂಗದ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸಿದ ಹೊಲಿಗೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಪುಟ್ಟ ಹೂವು. ಅದಕ್ಕೆ ಫುಲಾ ಅನ್ನುತ್ತಾರೆ. ಅದು ಇಲ್ಲದಿದ್ದರೆ ಕೌದಿ ಪೂರ್ತಿ ಆದ ಹಾಗಲ್ಲವಂತೆ. ಗೆಳತಿಯರ ರೂಮಿನಲ್ಲಿ ಮೂರನೆಯವಳಾಗಿ ಮಲಗುವಾಗ ಇದನ್ನು ಬ್ಯಾಗಿನಿಂದ ತೆಗೆಯಲೇ ಇರಲಿಲ್ಲ ಅಂದಳು. ಹಾಸಲು ಜಾಗ ಇರಲಿಲ್ಲ.

ಈ ಪ್ರಕರಣದಿಂದ ಕಾಲೇಜಿನಲ್ಲಿ ಒಂದು ಬದಲಾವಣೆ ಆಯಿತು. ಮೊದಲು ನಮ್ಮ ಹತ್ತಿರ ರೂಮುಗಳ ಪಟ್ಟಿ ಅಂದರೆ ಬರೀ ಫೋನ್ ನಂಬರುಗಳು. ಈಗ ಒಂದು ಹಾಳೆ ಮಾಡಿದ್ದೇವೆ. ಬಾಡಿಗೆ, ಅಡ್ವಾನ್ಸ್, ಗೇಟಿನ ಹೊತ್ತು, ಯಾವ ಕಾಗದ ಬೇಕು, ಇನ್ನೇನು ಷರತ್ತು, ಎಲ್ಲವನ್ನೂ ಮಾಲೀಕರು ಯಾವ ಹುಡುಗಿಯ ಮುಖವನ್ನೂ ನೋಡುವ ಮೊದಲೇ ಬರೆದು ಸಹಿ ಹಾಕಬೇಕು. ಪೊಲೀಸ್ ಪತ್ರ ಬೇಕು ಅಂದರೆ ತಪ್ಪಿಲ್ಲ, ಎಲ್ಲರಿಂದಲೂ ಕೇಳಿ. ಮೊದಲು ಬಂದವರಿಗೆ ಮೊದಲು. ಹೋಗಿ ನೋಡಿದ ಮೇಲೆ ರೂಮು ಇದ್ದಕ್ಕಿದ್ದಂತೆ "ತುಂಬಿದ್ದು" ಗೊತ್ತಾದರೆ ಆ ಮನೆ ಪಟ್ಟಿಯಿಂದ ಹೊರಗೆ.

ಇದು ಮನಸ್ಸು ಬದಲಿಸುವ ಕೆಲಸ ಅಲ್ಲ. ಮನಸ್ಸು ಬದಲಾಗುವ ತನಕ ಹುಡುಗಿಯರು ರಸ್ತೆಯಲ್ಲಿ ಕಾಯಲು ಆಗುವುದಿಲ್ಲ. ಮೊದಲೇ ಬರೆದಿಟ್ಟರೆ ಆ ಟವೆಲ್ ಹಿಡಿದುಕೊಂಡ ಕ್ಷಣದಲ್ಲಿ ಹೊಸ ನಿಯಮ ಹುಟ್ಟುವುದಿಲ್ಲ. ನಮಗೆ ಬೇಕಾಗಿದ್ದು ಅಷ್ಟೇ.

ಹಾಳೆಯಿಂದ ತೊಂದರೆಯೂ ಬಂತು. ಒಬ್ಬರು "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬರೆದರು. ಇದು ಅಡುಗೆಯ ಮಾತೋ ಜಾತಿಯ ಮಾತೋ ಅಂತ ನಮ್ಮಲ್ಲೇ ವಾದ ಆಯಿತು. ರೂಮಿನಲ್ಲಿ ಏನು ಬೇಯಿಸಬಾರದು ಅಂತ ಬರೆಯಬಹುದು, ಯಾರು ಬರಬಾರದು ಅಂತ ಬರೆಯುವ ಹಾಗಿಲ್ಲ ಅಂತ ತೀರ್ಮಾನಿಸಿದೆವು. ನನಗೆ ಈ ತೀರ್ಮಾನದಲ್ಲಿ ಪೂರ್ತಿ ಸಮಾಧಾನ ಇಲ್ಲ. ಇಬ್ಬರು ಮಾಲೀಕರು ಸಹಿಯೇ ಹಾಕಲಿಲ್ಲ. ಅದರಲ್ಲೊಬ್ಬರು ಆಧಾರ್ ಕಾರ್ಡು ತಿರುಗಿಸಿ ನೋಡಿದವರು.

ಹಾಸ್ಟೆಲಿನ ಎರಡನೇ ಪಟ್ಟಿ ಫೆಬ್ರುವರಿಯಲ್ಲಿ ಬಂತು, ಅವಳ ಹೆಸರೂ ಇತ್ತು. ಅವಳು ಹೋಗಲಿಲ್ಲ. ಆ ಸೀಟು ಸೊರಬದ ಹುಡುಗಿಗೆ ಸಿಕ್ಕಿತು.

ಈ ವರ್ಷ ಜೂನಿನಲ್ಲಿ ಆ ಮೂರನೆಯ ಮನೆಯ ಅಮ್ಮ ಫೋನ್ ಮಾಡಿದರು. ಅವರ ರೂಮನ್ನೂ ಪಟ್ಟಿಗೆ ಸೇರಿಸಬೇಕಂತೆ. ಹಾಳೆ ಕಳಿಸಿದೆ. ತುಂಬಿ ವಾಪಸ್ ಕೊಟ್ಟರು. ಬಾಡಿಗೆ ಬರೆದಿದ್ದರು, ಅಡ್ವಾನ್ಸ್ ಬರೆದಿದ್ದರು, ಷರತ್ತಿನ ಜಾಗ ಖಾಲಿ ಬಿಟ್ಟಿದ್ದರು. ಖಾಲಿ ಬಿಡುವ ಹಾಗಿಲ್ಲ ಅಂತ ಹೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಹಿಂದಿನಿಂದ ಮೊಮ್ಮಗನ ಗಲಾಟೆ ಕೇಳುತ್ತಿತ್ತು.

"ಗೇಟು ಹತ್ತಕ್ಕೆ ಹಾಕ್ತೀವಿ ಅಂತ ಬರೀರಿ ಮೇಡಂ. ಬೇರೆ ಏನಿಲ್ಲ" ಅಂದರು.

ಬರೆದುಕೊಂಡೆ. ಮಾರನೇ ದಿನ ಬಂದು ಸಹಿ ಹಾಕಿ ಹೋದರು. ಆ ರೂಮಿಗೆ ಈ ಸಲ ಮೊದಲು ಹೋಗಿ ಕೇಳಿದವಳು ಹೊಸನಗರದ ಹುಡುಗಿ. ಈಗ ಅವಳೇ ಅಲ್ಲಿದ್ದಾಳೆ. ಆ ಸಹಿಯ ಪರೀಕ್ಷೆ ಇನ್ನೂ ಆಗಿಲ್ಲ.